ಶೇರ್ ಮಾಡಿದರೆ ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ ಬರುತ್ತದೆಯೇ?

‘ನಮ್ಮ ಆಸ್ಪತ್ರೆಗೆ ಇನ್ನಷ್ಟು ಡಯಾಲಿಸಿಸ್ ಯಂತ್ರ ಬೇಕು, ಸರ್ಕಾರಕ್ಕೆ ಮುಟ್ಟುವವರೆಗೆ ಶೇರ್ ಮಾಡಿ’ ಎಂಬಂಥ ಸಂದೇಶಗಳನ್ನು ನಾವೆಲ್ಲ ನೋಡಿರುತ್ತೇವೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಶೇರ್ ಎಣಿಸಿ ಯಾರೂ ಹಣ ಮಂಜೂರು ಮಾಡುವುದಿಲ್ಲ; ಅದಕ್ಕೆ ಲೆಕ್ಕವಿರುವ ಪ್ರಸ್ತಾವನೆ ಬೇಕು.

ಹಣ ಎಲ್ಲಿಂದ?
ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 2016ರಿಂದ ಡಯಾಲಿಸಿಸ್ ಕಾರ್ಯಕ್ರಮವಿದೆ. ರಾಜ್ಯವು ತನ್ನ ಯೋಜನೆಯನ್ನು ಕೇಂದ್ರಕ್ಕೆ ಸಲ್ಲಿಸುತ್ತದೆ. ಅಭಿಯಾನದ ವೆಚ್ಚದಲ್ಲಿ ಕೇಂದ್ರದ ಪಾಲು 60%, ಕರ್ನಾಟಕದ್ದು 40%.

ಪ್ರಸ್ತಾವನೆಯಲ್ಲಿ ಏನಿರಬೇಕು?
• ಅಗತ್ಯ: ರೋಗಿಗಳೆಷ್ಟು, ಈಗ ಎಷ್ಟು ದೂರ ಹೋಗುತ್ತಿದ್ದಾರೆ? ವಾರಕ್ಕೆ 2 ಬಾರಿ ಎಂದರೆ ವರ್ಷಕ್ಕೆ 104 ಪ್ರಯಾಣ.
• ಸಾಮರ್ಥ್ಯ: ಒಂದು ಸರದಿಗೆ ಸುಮಾರು 4 ಗಂಟೆ. ದಿನಕ್ಕೆ 3 ಸರದಿ, ವಾರಕ್ಕೆ 6 ದಿನ ನಡೆಸಿದರೆ ಒಂದು ಯಂತ್ರ ಇಂಥ 9 ರೋಗಿಗಳಿಗೆ ಸಾಕಾಗುತ್ತದೆ.
• ನಿತ್ಯದ ಖರ್ಚು: ತಂತ್ರಜ್ಞರ ಸಂಬಳ, ವಿದ್ಯುತ್, ರಿಪೇರಿ, ಪ್ರತಿ ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು. ಇದನ್ನು ಮರೆತರೆ ದಾನವಾಗಿ ಬಂದ ಯಂತ್ರವೂ ಮೂಲೆ ಸೇರುತ್ತದೆ.

ನಾವೇನು ಮಾಡಬಹುದು?
ರೋಗಿಗಳ ಸಂಖ್ಯೆ, ದೂರ, ಬಸ್ ಖರ್ಚು ಬರೆದು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕೊಡಿ. ಗ್ರೂಪ್‌ನಲ್ಲಿ ರೋಗಿಗಳ ಹೆಸರು, ಫೋಟೊ ಹಾಕಬೇಡಿ, ಸಂಖ್ಯೆ ಸಾಕು.