ಟಿ. ನಗರಕ್ಕೆ ಮಾಂಬಲಂನಲ್ಲಿ ಇಳಿಯಬೇಕು

ಮದುವೆ ಸೀರೆಗೆಂದು ಬೆಂಗಳೂರಿನಿಂದ ಚೆನ್ನೈನ ಟಿ. ನಗರಕ್ಕೆ ಹೊರಟವರು ಲೋಕಲ್ ರೈಲಿನ ನಿಲ್ದಾಣಗಳ ಪಟ್ಟಿಯಲ್ಲಿ ಆ ಹೆಸರು ಹುಡುಕಿದರೆ ಸಿಗುವುದಿಲ್ಲ. ಸೆಂಟ್ರಲ್‌ನಲ್ಲಿ ಇಳಿದು, ಎದುರಿನ ಪಾರ್ಕ್ ನಿಲ್ದಾಣದಲ್ಲಿ ತಾಂಬರಂ ಕಡೆಯ ಗಾಡಿ ಹತ್ತಬೇಕು. ಹತ್ತಿರದಲ್ಲೇ ಪಾರ್ಕ್ ಟೌನ್ ಎಂಬ ಇನ್ನೊಂದು ನಿಲ್ದಾಣವಿದೆ. ಅದು ವೇಳಚೇರಿಯ ದಾರಿ. ಸರಿಯಾದ ಗಾಡಿಯನ್ನೇ ಹತ್ತಿದರೂ ಎಗ್ಮೋರ್, ಚೆಟ್‌ಪೇಟ್, ನುಂಗಂಬಾಕ್ಕಂ, ಕೋಡಂಬಾಕ್ಕಂ ದಾಟಿ ಮಾಂಬಲಂ ಬಂದಾಗ ಇಳಿಯಲು ತಿಳಿದಿರಬೇಕು. ತಿಳಿಯದವರು ಕೂತಲ್ಲೇ ಸೈದಾಪೇಟೆ ಸೇರುತ್ತಾರೆ.

ಇದಕ್ಕೆ ಕಾರಣ ಇತಿಹಾಸದಲ್ಲಿದೆ. 19ನೇ ಶತಮಾನದಲ್ಲಿ ಮದ್ರಾಸಿನಿಂದ ದಕ್ಷಿಣಕ್ಕೆ ಹಳಿ ಹಾಕಿದಾಗ ಟಿ. ನಗರವೇ ಇರಲಿಲ್ಲ. ಇದ್ದದ್ದು ಮಾಂಬಲಂ ಎಂಬ ಹಳ್ಳಿ, ಪಕ್ಕದಲ್ಲೊಂದು ಉದ್ದನೆಯ ಕೆರೆ. 1920ರ ದಶಕದಲ್ಲಿ, ಜಸ್ಟಿಸ್ ಪಕ್ಷದ ಆಡಳಿತದ ಕಾಲದಲ್ಲಿ, ಇಲ್ಲಿ ಹೊಸ ಬಡಾವಣೆ ಎದ್ದಿತು. 1925ರಲ್ಲಿ ತೀರಿಕೊಂಡ ಪಕ್ಷದ ನಾಯಕ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರನ್ನು ಅದಕ್ಕೆ ಇಟ್ಟರು. ಜನರ ಬಾಯಲ್ಲಿ ತ್ಯಾಗರಾಯ ನಗರ ಟಿ. ನಗರವಾಯಿತು. ನಡುವಿನ ಉದ್ಯಾನಕ್ಕೆ ಆಗಿನ ಪ್ರಧಾನಿ ಪಾನಗಲ್ ರಾಜರ ಹೆಸರು ಬಂತು. ಹಳಿಯ ಪಶ್ಚಿಮಕ್ಕಿರುವ ಭಾಗ ಇಂದಿಗೂ ಪಶ್ಚಿಮ ಮಾಂಬಲಂ. 1931ರಲ್ಲಿ ಬೀಚ್‌ನಿಂದ ತಾಂಬರಂಗೆ ವಿದ್ಯುತ್ ರೈಲು ಬಂತು; ನಿಲ್ದಾಣ ಮಾತ್ರ ಹಳ್ಳಿಯ ಹೆಸರನ್ನು ಬಿಡಲಿಲ್ಲ.

ಹಳೆಯ ಹೆಸರು ಉಳಿದದ್ದು ತಪ್ಪಲ್ಲ. ಅದಿಲ್ಲದಿದ್ದರೆ ಆ ಹಳ್ಳಿಯ ನೆನಪು ಇನ್ನಷ್ಟು ಮಾಸುತ್ತಿತ್ತು. ಆದರೆ ನಿಲ್ದಾಣದ ಹೆಸರಿಗೆ ಎರಡು ಕೆಲಸ: ನೆನಪು ಉಳಿಸುವುದು, ದಾರಿ ತೋರಿಸುವುದು. ಎರಡನ್ನೂ ಒಂದೇ ಹೆಸರು ಮಾಡಲಾರದಾಗ ಪ್ರಯಾಣಿಕ ಎಡವುತ್ತಾನೆ.

ಹೆಸರು ಬದಲಿಸಿದರೂ ಇದೇ ಕಥೆ. ಮದ್ರಾಸ್ ಸೆಂಟ್ರಲ್ ಮೊದಲು ಚೆನ್ನೈ ಸೆಂಟ್ರಲ್ ಆಯಿತು. 2019ರಲ್ಲಿ ಅದಕ್ಕೆ ಎಂ.ಜಿ. ರಾಮಚಂದ್ರನ್ ಅವರ ಹೆಸರು ಸೇರಿತು. ಟಿಕೆಟ್‌ನಲ್ಲಿ ಅದರ ಸಂಕೇತ ಈಗಲೂ ಎಂಎಎಸ್, ಮದ್ರಾಸಿನ ಕುರುಹು. ಬೆಂಗಳೂರು ಸಿಟಿ ನಿಲ್ದಾಣ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಸಂಕೇತ ಹಳೆಯ ಎಸ್‌ಬಿಸಿ, ಆಟೋದವರಿಗೆ ಹೇಳುವುದು ಮೆಜೆಸ್ಟಿಕ್. 2022ರಲ್ಲಿ ರೈಲು ಸಂಚಾರ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಅನ್ನು ಜನ ಬೈಯಪ್ಪನಹಳ್ಳಿ ಟರ್ಮಿನಲ್ ಎನ್ನುತ್ತಾರೆ. ಬೈಯಪ್ಪನಹಳ್ಳಿ ಎಂಬ ಹೆಸರಿನ ರೈಲು ನಿಲ್ದಾಣ ಬೇರೆಯೇ ಇದೆ, ಮೆಟ್ರೋ ನಿಲ್ದಾಣವೂ ಇದೆ. ರಾತ್ರಿ ಮಕ್ಕಳು, ಗಂಟುಮೂಟೆ ಸಮೇತ ತಪ್ಪು ಕಡೆ ಇಳಿದವರಿಗೆ ರೈಲು ಕಾಯುವುದಿಲ್ಲ.

ಪರಿಹಾರಕ್ಕೆ ಹೆಸರು ಅಳಿಸಬೇಕಿಲ್ಲ. ನಮ್ಮ ಮೆಟ್ರೋ ತನ್ನ ದೊಡ್ಡ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿಟ್ಟು, ಜೊತೆಗೆ ಮೆಜೆಸ್ಟಿಕ್ ಎಂದೂ ಸೇರಿಸಿತು. ಗೌರವಕ್ಕೆ ಕುಂದಾಗಲಿಲ್ಲ, ಹೊಸಬರಿಗೆ ದಾರಿಯೂ ಸಿಕ್ಕಿತು. ಮಾಂಬಲಂ ನಿಲ್ದಾಣದಿಂದ ಟಿ. ನಗರದ ಬಸ್ ನಿಲ್ದಾಣಕ್ಕೆ 2023ರಲ್ಲಿ ಮೇಲುಸೇತುವೆಯ ಕಾಲುದಾರಿ ಆಗಿದೆ. ಅದನ್ನು ತಲುಪಬೇಕಾದರೆ ಮೊದಲು ಸರಿಯಾದ ಕಡೆ ಇಳಿಯಬೇಕು. ರೈಲಿನೊಳಗಿನ ನಕ್ಷೆ, ಪ್ರಕಟಣೆ, ಮೊಬೈಲ್ ಆ್ಯಪ್ ಎಲ್ಲದರಲ್ಲೂ ಒಂದು ಸಾಲು ಇದ್ದರೆ ಸಾಕು: ಮಾಂಬಲಂ, ಟಿ. ನಗರಕ್ಕೆ ಹೋಗುವವರು ಇಲ್ಲಿ ಇಳಿಯಿರಿ.