ಮಿಸ್ ಹೊಡೆಯುವ ಎಂಜಿನ್: ಕಿವಿಯಿಂದ ಗೇಜಿಗೆ

ಮುಂಬಯಿಯ ಪವಾಯಿ ಕೆರೆಯ ಬದಿಯಿಂದ ಸಾಕಿನಾಕಾ ದಾಟಿದರೆ ಕುರ್ಲಾ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಫಿಯೆಟ್ 1100 ಕಾರುಗಳನ್ನು ತಯಾರಿಸಿದ್ದು ಇಲ್ಲೇ. 1974ರಲ್ಲಿ ಅದೇ ಕಾರಿಗೆ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿಯ ನಾಲ್ಕು ಸಿಲಿಂಡರ್, ಒಂದು ಕಾರ್ಬೊರೇಟರ್, ಪ್ಲಗ್ಗುಗಳಿಗೆ ಕಿಡಿ ಹಂಚುವ ಒಂದು ಡೆಲ್ಕೊ. ಈ ಕಾರನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡವರು ಮೆಕ್ಯಾನಿಕ್ ಮುಂದೆ ಹೇಳುವ ದೂರು ಹೆಚ್ಚಾಗಿ ಒಂದೇ: ಗಾಡಿ ಮಿಸ್ ಹೊಡೀತಿದೆ, ಐಡ್ಲಿಂಗ್ ನಿಲ್ಲುತ್ತಿಲ್ಲ. ಈ ರೋಗವನ್ನು ಪತ್ತೆ ಮಾಡುವ ವಿದ್ಯೆ ಬೆಳೆದು ಬಂದ ದಾರಿಯನ್ನು ಗಮನಿಸಿದರೆ, ಹೊಸ ಉಪಕರಣಗಳಿಗಿಂತ ಹುಡುಕುವ ಕ್ರಮವೇ ಮುಖ್ಯ ಎಂಬುದು ಮನದಟ್ಟಾಗುತ್ತದೆ.

ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ 1893ರಲ್ಲಿ ರೂಪಿಸಿದ ತುಂತುರು ಕಾರ್ಬೊರೇಟರಿನ ತತ್ವವೇ ಪದ್ಮಿನಿಯಲ್ಲೂ ಇದೆ. ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿ ವೇಗವಾಗಿ ಹರಿದಾಗ ಒತ್ತಡ ಕುಸಿಯುತ್ತದೆ, ಜೆಟ್ಟಿನ ತೂತಿನಿಂದ ಪೆಟ್ರೋಲ್ ಮೇಲೇಳುತ್ತದೆ. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಈ ಲೆಕ್ಕವನ್ನು ಕಾಯುವ ಕಂಪ್ಯೂಟರ್ ಇಲ್ಲಿಲ್ಲ; ತೂತುಗಳ ಅಳತೆಯೇ ಎಲ್ಲ. ಆದ್ದರಿಂದ ತಪ್ಪು ಎಲ್ಲಿದೆ ಎಂದು ಎಂಜಿನ್ ತಾನಾಗಿ ಹೇಳದು, ನಾವೇ ಕೇಳಿ ತಿಳಿಯಬೇಕು.

ಪದ್ಮಿನಿ ಮುಂಬಯಿಯ ಟ್ಯಾಕ್ಸಿಯಾಗಿದ್ದ ಕಾಲದ ಮೆಕ್ಯಾನಿಕ್‌ಗಳು ಕಿವಿ, ಮೂಗು, ಕೈಗಳನ್ನೇ ನಂಬಿದವರು. ಓಡುತ್ತಿರುವ ಎಂಜಿನ್ನಿನ ಪ್ಲಗ್ ವಯರುಗಳನ್ನು ಒಂದೊಂದಾಗಿ ಕಳಚುವರು. ಯಾವುದನ್ನು ತೆಗೆದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಕಾಫಿ ಬಣ್ಣವಿದ್ದರೆ ಸರಿ. ಕರಿ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಬೂದಿ ಬಿಳುಪಾಗಿದ್ದರೆ ಕಡಿಮೆ. ಆ ಪ್ಲಗ್ಗುಗಳಲ್ಲಿ ಬಹಳಷ್ಟು ನಮ್ಮ ಬೆಂಗಳೂರಿನಿಂದ ಹೋದವು. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ ಕಂಪನಿಯ ಹೆಸರನ್ನು ದೇಶದ ಯಾವ ಗ್ಯಾರೇಜಿಗೂ ಪರಿಚಯಿಸಬೇಕಾಗಿರಲಿಲ್ಲ.

ಆದರೂ ಆ ಕಾಲದಿಂದ ಉಳಿದುಬಂದ ಒಂದು ಕೆಟ್ಟ ರೂಢಿಯಿದೆ. ಗಾಡಿ ಜರ್ಕ್ ಹೊಡೆದರೆ ಸಾಕು, ‘ಕಚರಾ ಬಂದಿದೆ’ ಎಂದು ಕಾರ್ಬೊರೇಟರ್ ಬಿಚ್ಚುವುದು. ನಿಜವಾದ ದೋಷ ಬಹಳ ಸಲ ಕರೆಂಟಿನದು. ಡೆಲ್ಕೊದೊಳಗೆ ಕರೆಂಟನ್ನು ಕಡಿದು ಜೋಡಿಸುವ ಸಿ.ಬಿ. ಪಾಯಿಂಟಿನ ಗ್ಯಾಪ್ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅದರ ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ಮುಚ್ಚಿಕೊಳ್ಳುತ್ತದೆ, ಜೊತೆಗೇ ಟೈಮಿಂಗ್ ಹಿಂದೆ ಬೀಳುತ್ತದೆ. ಕಂಡೆನ್ಸರ್ ಕೆಟ್ಟರೆ ಪಾಯಿಂಟ್ ಸುಟ್ಟುಹೋಗುತ್ತದೆ. ಮುಂಬಯಿಯ ಜುಲೈ ಮಳೆಯಲ್ಲಿ ಡೆಲ್ಕೊ ಕ್ಯಾಪಿನ ಒಳಗೆ ತೇವ ಕೂತು, ಕಣ್ಣಿಗೆ ಸುಲಭಕ್ಕೆ ಕಾಣದ ಬಿರುಕಿನಲ್ಲಿ ಕಿಡಿ ದಾರಿ ತಪ್ಪುತ್ತದೆ. ಇವನ್ನು ನೋಡದೆ ಜೆಟ್ ತೊಳೆಯುವುದು ವ್ಯರ್ಥ.

ಉಪಕರಣಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅಗ್ಗದ ವ್ಯಾಕ್ಯೂಮ್ ಗೇಜ್. ಮ್ಯಾನಿಫೋಲ್ಡಿಗೆ ಜೋಡಿಸಿದಾಗ ಆರೋಗ್ಯವಂತ ಎಂಜಿನ್ ಐಡ್ಲಿಂಗಿನಲ್ಲಿ 17ರಿಂದ 21 ಇಂಚು ಪಾದರಸದ ನಡುವೆ ಮುಳ್ಳನ್ನು ಅಲುಗಾಡದಂತೆ ಹಿಡಿಯುತ್ತದೆ. ಮುಳ್ಳು ಕೆಳಗೆ ನಿಂತರೆ ಟೈಮಿಂಗ್ ತಡವಾಗಿದೆ ಅಥವಾ ಎಲ್ಲೋ ಗಾಳಿ ನುಗ್ಗುತ್ತಿದೆ. ತಾಳಕ್ಕೆ ಸರಿಯಾಗಿ ಜಗ್ಗುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ನಿಧಾನವಾಗಿ ಮೇಲೆ ಕೆಳಗೆ ತೇಲಿದರೆ ಮಿಕ್ಸ್ಚರ್ ತಪ್ಪಿದೆ. ಹಳೆಯ ಕಾರುಗಳಲ್ಲಿ ಥ್ರಾಟಲ್ ಶಾಫ್ಟ್ ಸವೆದು ಅದರ ಬದಿಯಿಂದಲೇ ಗಾಳಿ ಸೋರುವುದುಂಟು. ಅಂಥ ಕಾರ್ಬೊರೇಟರಿನ ಸ್ಕ್ರೂ ಎಷ್ಟು ತಿರುಗಿಸಿದರೂ ಐಡ್ಲಿಂಗ್ ನಿಲ್ಲದು, ಬುಶ್ ಹಾಕಿಸಲೇಬೇಕು. ಗೇಜಿನ ನಂತರ ಟೈಮಿಂಗ್ ಲೈಟ್, ಕಿಡಿಯ ರೇಖೆ ತೋರಿಸುವ ಆಸಿಲೋಸ್ಕೋಪ್, ಬ್ರಿಟನ್ನಿನ ಗನ್ಸನ್ ಕಂಪನಿಯ ಗಾಜಿನ ಪ್ಲಗ್ ಬಂದವು. ಈ ಪ್ಲಗ್ಗಿನ ಗಾಜಿನಲ್ಲಿ ಜ್ವಾಲೆ ಹಳದಿಯಿಂದ ನೀಲಿಗೆ ತಿರುಗುವುದನ್ನು ನೋಡಿಕೊಂಡೇ ಸ್ಕ್ರೂ ಹೊಂದಿಸಬಹುದು. ಹೊಗೆ ತಪಾಸಣೆಯ ಪಿಯುಸಿ ಕೇಂದ್ರದ ಯಂತ್ರವೂ ಒಳ್ಳೆಯ ಸಲಹೆಗಾರ: ಇಂಗಾಲದ ಮಾನಾಕ್ಸೈಡ್ ಶೇ. 3ರ ಮಿತಿ ದಾಟಿದರೆ ಪೆಟ್ರೋಲ್ ವ್ಯರ್ಥವಾಗುತ್ತಿದೆ ಎಂದು ತಿಳಿಯಬೇಕು.

2000ದ ಹೊತ್ತಿಗೆ ಹೊಸ ಕಾರುಗಳಲ್ಲಿ ಇಂಜೆಕ್ಷನ್ ಬಂತು, 2010ರಿಂದ ದೋಷವನ್ನು ತಾನೇ ದಾಖಲಿಸುವ ಓಬಿಡಿ ವ್ಯವಸ್ಥೆ ಬಂತು. ಪದ್ಮಿನಿ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾದವು. ಅನಿಲಕ್ಕೆ ಕಿಡಿ ಇನ್ನೂ ಬಲವಾಗಿರಬೇಕು, ಹೀಗಾಗಿ ಸೊರಗಿದ ಕಾಯಿಲ್ ಬೇಗ ಸಿಕ್ಕಿಬೀಳುತ್ತಿತ್ತು. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಸರಿಯಿತು. ದಿನವೂ ಈ ಎಂಜಿನ್ ಮುಟ್ಟುತ್ತಿದ್ದ ಕೈಗಳಿಗೆ ಅಲ್ಲಿಗೆ ಕೆಲಸವಿಲ್ಲದಂತಾಯಿತು. ಇದು ಸಣ್ಣ ನಷ್ಟವಲ್ಲ.

ಇಂದಿನ ಹೊಸ ಸಮಸ್ಯೆ ಇಂಧನದ್ದೇ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಎಥನಾಲ್ ತನ್ನಲ್ಲೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಈ ಮಿಶ್ರಣಕ್ಕೆ ಬೇಕಾದ ಗಾಳಿ ಸುಮಾರು 13.5 ಭಾಗ ಮಾತ್ರ. ಹಳೆಯ ಜೆಟ್ಟಿಗೆ ಇದು ಗೊತ್ತಿಲ್ಲ. ಮಿಕ್ಸ್ಚರ್ ತೆಳುವಾಗಿ, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಡವರಿಸುತ್ತದೆ, ಕಾರ್ಬೊರೇಟರಿನಲ್ಲಿ ಪಟ್ ಎಂದು ಸಿಡಿಯುತ್ತದೆ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪ್ ಮತ್ತು ಪಂಪಿನ ಡಯಾಫ್ರಮ್ಮನ್ನು ಕೆಡಿಸುತ್ತದೆ. ಪವಾಯಿಯ ಕಟ್ಟಡಗಳ ನೆಲಮಾಳಿಗೆಯಲ್ಲಿ ಮಳೆಗಾಲವಿಡೀ ನಿಂತ ಕಾರು ಮಿಸ್ ಹೊಡೆದರೆ ಟ್ಯಾಂಕಿನ ಪೆಟ್ರೋಲನ್ನೇ ಮೊದಲು ಅನುಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇಂಧನ ಹೊಸದಾಗಿದ್ದರೆ ಹುಡುಕುವ ಕ್ರಮ ಹೀಗೆ: ಮೊದಲು ಟ್ಯಾಪೆಟ್ ಮತ್ತು ಕಂಪ್ರೆಶನ್, ಬಳಿಕ ಪಾಯಿಂಟ್, ಪ್ಲಗ್, ಟೈಮಿಂಗ್, ಆಮೇಲೆ ಗಾಳಿ ಸೋರಿಕೆ, ಕಟ್ಟಕಡೆಗೆ ಕಾರ್ಬೊರೇಟರ್. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರ ನಿಯಮಗಳು ‘ವಿಎ’ ಸರಣಿಯ ನೋಂದಣಿ ಕೊಟ್ಟಿವೆ, ಮೊದಲ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಿವೆ. ಅವುಗಳ ಒಡೆಯರಲ್ಲಿ ಒಂದು ವಿನಂತಿ: ಮಿಕ್ಸ್ಚರ್ ಸ್ಕ್ರೂ ಹೊಂದಿಸುವ ಮುನ್ನ ಅದನ್ನು ಮೆಲ್ಲಗೆ ಕೊನೆಯವರೆಗೆ ಒಳಗೆ ತಿರುಗಿಸಿ, ಎಷ್ಟು ಸುತ್ತು ಎಂದು ಎಣಿಸಿ, ಜೆಟ್ ನಂಬರ್ ಮತ್ತು ಪಾಯಿಂಟ್ ಗ್ಯಾಪಿನ ಜೊತೆಗೆ ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಮೆಕ್ಯಾನಿಕ್ ಹಿರಿಯರಾಗಿದ್ದರೆ, ಅವರು ಕೆಲಸ ಮಾಡುವಾಗ ಒಬ್ಬ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿ ಕಲಿಸಲು ಕೇಳಿಕೊಳ್ಳಿ.