ಬೆಲ್ವೆಡೇರ್‌ನ ಹಳೆಯ ವಿದ್ಯಾರ್ಥಿಗಳು: ಶುಲ್ಕ, ಪರೀಕ್ಷೆ ಮತ್ತು ಬಂಡಾಯ

ಡಬ್ಲಿನ್ ನಗರದ ಗ್ರೇಟ್ ಡೆನ್ಮಾರ್ಕ್ ಬೀದಿಯಲ್ಲಿರುವ ಬೆಲ್ವೆಡೇರ್ ಕಾಲೇಜು ಹೆಸರಿಗೆ ಕಾಲೇಜಾದರೂ ವಾಸ್ತವವಾಗಿ ಹುಡುಗರ ಶಾಲೆ. ಐರ್ಲೆಂಡಿನ ಕ್ಯಾಥೊಲಿಕರಿಗೆ ಬ್ರಿಟಿಷ್ ಪಾರ್ಲಿಮೆಂಟಿನ ಬಾಗಿಲು ತೆರೆದ 1829ರ ಕಾಯಿದೆಯ ಬೆನ್ನಿಗೇ, 1832ರಲ್ಲಿ, ಜೆಸ್ವಿಟ್ ಪಾದ್ರಿಗಳು ಇದನ್ನು ಆರಂಭಿಸಿದರು. 1841ರಲ್ಲಿ ಅದು ಈಗಿರುವ ಮಹಲಿಗೆ ಬಂತು. ಈ ಶಾಲೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿ ಯಾರನ್ನಾದರೂ ಬೆರಗುಗೊಳಿಸುವಂಥದು: ಕಾದಂಬರಿಕಾರ ಜೇಮ್ಸ್ ಜಾಯ್ಸ್, ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ 1916ರ ಈಸ್ಟರ್ ದಂಗೆಯ ಘೋಷಣೆಗೆ ಸಹಿ ಹಾಕಿದ ಜೋಸೆಫ್ ಪ್ಲಂಕೆಟ್, ಅದೇ ದಂಗೆಯಲ್ಲಿ ಮೈತುಂಬ ಗಾಯಗೊಂಡ ಕಾಹಲ್ ಬ್ರೂ, 18ನೆಯ ವಯಸ್ಸಿಗೆ ನೇಣುಗಂಬವೇರಿದ ಕೆವಿನ್ ಬ್ಯಾರಿ, ಕವಿ ಆಸ್ಟಿನ್ ಕ್ಲಾರ್ಕ್, 1980ರ ದಶಕದಲ್ಲಿ ಪ್ರಧಾನಿಯಾದ ಗ್ಯಾರೆಟ್ ಫಿಟ್ಜ್‌ಜೆರಾಲ್ಡ್. ಇಂಥ ಪಟ್ಟಿಗಳಲ್ಲಿ ಒಂದು ದೋಷವಿದೆ. ಬೇರೆ ಬೇರೆ ದಿಕ್ಕಿಗೆ ಹೋದವರನ್ನು ಅವು ಒಂದೇ ಸಾಲಿನಲ್ಲಿ ನಿಲ್ಲಿಸಿ, ಇವರೆಲ್ಲರನ್ನೂ ರೂಪಿಸಿದ್ದು ಶಾಲೆಯೇ ಎಂಬ ಭಾವನೆ ಹುಟ್ಟಿಸುತ್ತವೆ. ಶಾಲೆ ಇವರಿಗೆ ನಿಜವಾಗಿ ಏನು ಕೊಟ್ಟಿತು, ಯಾವ ಷರತ್ತಿನ ಮೇಲೆ ಕೊಟ್ಟಿತು ಎಂದು ಕೇಳಿದರೆ ಉತ್ತರಕ್ಕಾಗಿ ಶುಲ್ಕದ ಲೆಕ್ಕವನ್ನೂ ಪರೀಕ್ಷೆಯ ಪಠ್ಯಕ್ರಮವನ್ನೂ ನೋಡಬೇಕಾಗುತ್ತದೆ.

ಜಾಯ್ಸ್ ಬೆಲ್ವೆಡೇರ್‌ಗೆ ಬಂದ ಬಗೆಯನ್ನೇ ನೋಡಬಹುದು. 1888ರಲ್ಲಿ, ಆರು ವರ್ಷದ ಬಾಲಕನಾಗಿದ್ದಾಗ, ಅವನನ್ನು ಜೆಸ್ವಿಟರದೇ ಆದ ಕ್ಲಾಂಗೋಸ್ ವುಡ್ ಎಂಬ ವಸತಿಶಾಲೆಗೆ ಸೇರಿಸಿದ್ದರು. ತಂದೆಯ ಹಣಕಾಸು ಕುಸಿದು 1891ರಲ್ಲಿ ಆ ಶಾಲೆ ಬಿಡಬೇಕಾಯಿತು. 1893ರ ಆರಂಭದಲ್ಲಿ ಕೆಲಕಾಲ ನಾರ್ತ್ ರಿಚ್‌ಮಂಡ್ ಬೀದಿಯ ಕ್ರಿಶ್ಚಿಯನ್ ಬ್ರದರ್ಸ್ ಶಾಲೆಯಲ್ಲಿ ಓದಿದ. ಆಗ ಬೆಲ್ವೆಡೇರ್‌ನಲ್ಲಿದ್ದ, ಹಿಂದೆ ಕ್ಲಾಂಗೋಸ್‌ನ ರೆಕ್ಟರ್ ಆಗಿದ್ದ ಫಾದರ್ ಜಾನ್ ಕಾನ್ಮಿ ಅಕಸ್ಮಾತ್ತಾಗಿ ತಂದೆಗೆ ಎದುರಾದರು. ಜೇಮ್ಸ್ ಮತ್ತು ಅವನ ತಮ್ಮ ಸ್ಟಾನಿಸ್ಲಾಸ್ ಇಬ್ಬರಿಗೂ ಶುಲ್ಕವಿಲ್ಲದೆ ಪ್ರವೇಶ ಸಿಕ್ಕಿತು. ಜಾಯ್ಸ್ ತನ್ನ ಆತ್ಮಕಥಾತ್ಮಕ ಕಾದಂಬರಿಯಲ್ಲಿ ಕ್ರಿಶ್ಚಿಯನ್ ಬ್ರದರ್ಸ್ ಶಾಲೆಯ ಆ ತಿಂಗಳುಗಳನ್ನು ಬಿಟ್ಟೇಬಿಟ್ಟಿದ್ದಾನೆ. ಕಥಾನಾಯಕ ಸ್ಟೀಫನ್ ಅಲ್ಲಿ ಕಾಲಿಡುವುದೇ ಇಲ್ಲ. ಅವನ ತಂದೆ ಆ ಶಾಲೆಯ ಹುಡುಗರನ್ನು ಕೀಳಾಗಿ ಕಂಡು ಮಾತಾಡುತ್ತಾನೆ. ಇದು ಮರೆವಿನಿಂದ ಆದದ್ದಲ್ಲ. ಡಬ್ಲಿನ್ನಿನ ಕ್ಯಾಥೊಲಿಕ್ ಸಮಾಜದಲ್ಲಿ ಜೆಸ್ವಿಟ್ ಶಾಲೆಗೂ ಬ್ರದರ್ಸ್ ಶಾಲೆಗೂ ನಡುವೆ ಇದ್ದದ್ದು ವರ್ಗದ ಗೋಡೆ. ಜಾಯ್ಸ್ ಆ ಗೋಡೆಯ ಎರಡೂ ಬದಿಯನ್ನು ಕಂಡವನು, ಒಂದು ಬದಿಯನ್ನು ಬರಹದಲ್ಲಿ ಅಳಿಸಿದವನು.

ಎರಡು ಶಾಲೆಗಳ ನಡುವಿನ ದೂರ ನಡೆದು ಹೋಗುವಷ್ಟೇ. 1916ರ ದಂಗೆಯ ಘೋಷಣೆಗೆ ಸಹಿ ಹಾಕಿದ ಏಳು ಮಂದಿಯಲ್ಲಿ ಏಮನ್ ಕಾಂಟ್ ನಾರ್ತ್ ರಿಚ್‌ಮಂಡ್ ಬೀದಿಯ ಶಾಲೆಯವನು, ಜಾಯ್ಸ್‌ಗಿಂತ ಕೆಲವೇ ತಿಂಗಳು ದೊಡ್ಡವನು. ಪ್ಯಾಟ್ರಿಕ್ ಪಿಯರ್ಸ್ ವೆಸ್ಟ್‌ಲ್ಯಾಂಡ್ ರೋನಲ್ಲಿದ್ದ ಇನ್ನೊಂದು ಬ್ರದರ್ಸ್ ಶಾಲೆಯವನು. ಬಂಡಾಯಗಾರರನ್ನು ಬೆಳೆಸಿದ್ದು ಬ್ರದರ್ಸ್ ಶಾಲೆಗಳು, ವಕೀಲರನ್ನೂ ಅಧಿಕಾರಿಗಳನ್ನೂ ಬೆಳೆಸಿದ್ದು ಜೆಸ್ವಿಟ್ ಶಾಲೆಗಳು ಎಂಬ ಮಾತು ಐರಿಷ್ ಇತಿಹಾಸಲೇಖನದಲ್ಲಿ ಬಹುಕಾಲದಿಂದ ಇದೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಜಾಯ್ಸ್‌ನ ಸಹಪಾಠಿ ಯೂಜೀನ್ ಶೀಹಿ ವಕೀಲನಾಗಿ, ಮುಂದೆ ನ್ಯಾಯಾಧೀಶನಾದ. ಶಾಲೆ ಬಯಸಿದ್ದು ಬಹುಮಟ್ಟಿಗೆ ಇಂಥವರನ್ನೇ. ಆದರೆ ಕಾಹಲ್ ಬ್ರೂನ ಬದುಕು ಈ ವಿಂಗಡಣೆಗೆ ಸಿಕ್ಕುವುದಿಲ್ಲ. ಚಾರ್ಲ್ಸ್ ಬರ್ಜೆಸ್ ಎಂಬ ಹೆಸರಿನಲ್ಲಿ ಬೆಲ್ವೆಡೇರ್ ಸೇರಿದ್ದ ಈ ಹುಡುಗ ತಂದೆಯ ವ್ಯಾಪಾರ ಮುರಿದುಬಿದ್ದಾಗ ಹದಿನಾರರ ಹರೆಯದಲ್ಲಿ ಓದು ನಿಲ್ಲಿಸಿ ದುಡಿಮೆಗಿಳಿದ. ಮುಂದೆ ಮೇಣದಬತ್ತಿ ತಯಾರಿಸುವ ಕಂಪನಿಯೊಂದರಲ್ಲಿ ಪಾಲುದಾರನಾದ. 1916ರಲ್ಲಿ ಸೌತ್ ಡಬ್ಲಿನ್ ಯೂನಿಯನ್ ಕಟ್ಟಡದಲ್ಲಿ ಇದೇ ಏಮನ್ ಕಾಂಟ್‌ನ ಕೈಕೆಳಗೆ ಉಪನಾಯಕನಾಗಿ ಹೋರಾಡಿದ. 1919ರ ಜನವರಿ 21ರಂದು ಸೇರಿದ ಮೊದಲ ಐರಿಷ್ ಸಂಸತ್ತಿನ ಅಧ್ಯಕ್ಷತೆ ವಹಿಸಿದವನೂ ಅವನೇ. ಇವನನ್ನು ಬೆಲ್ವೆಡೇರ್‌ನ ಫಲವೆನ್ನುವುದು ಕಷ್ಟ. ಬೆಲ್ವೆಡೇರ್ ಕೈತಪ್ಪಿದ್ದರ ಫಲವೆಂದರೂ ಸಲ್ಲುತ್ತದೆ. ಅದೇ ಪಟ್ಟಿಯಲ್ಲಿರುವ ಪ್ಲಂಕೆಟ್‌ಗೆ ಹಣದ ಚಿಂತೆಯಿರಲಿಲ್ಲ. ಕೌಂಟ್ ಪದವಿಯುಳ್ಳ ತಂದೆ ಅವನನ್ನು ಮುಂದೆ ಇಂಗ್ಲೆಂಡಿನ ಸ್ಟೋನಿಹರ್ಸ್ಟ್‌ಗೂ ಕಳಿಸಿದ. ಇಬ್ಬರೂ ಒಂದೇ ದಂಗೆಯಲ್ಲಿ ಬಂದೂಕು ಹಿಡಿದರು ಎಂಬುದರಿಂದ ಶಾಲೆಯ ಬಗ್ಗೆ ಏನನ್ನೂ ತೀರ್ಮಾನಿಸಲಾಗದು.

ಹಾಗಾದರೆ ಶಾಲೆ ಕೊಟ್ಟದ್ದೇನು? ಇಲ್ಲಿ 1878ರ ಇಂಟರ್‌ಮೀಡಿಯೆಟ್ ಶಿಕ್ಷಣ ಕಾಯಿದೆ ಮುಖ್ಯವಾಗುತ್ತದೆ. ಕ್ಯಾಥೊಲಿಕ್ ಶಾಲೆಗಳಿಗೆ ಸರ್ಕಾರ ನೇರವಾಗಿ ಹಣ ಕೊಟ್ಟರೆ ಪ್ರೊಟೆಸ್ಟೆಂಟರ ವಿರೋಧ ಏಳುತ್ತಿತ್ತು. ಅದಕ್ಕೆ ಕಂಡುಕೊಂಡ ದಾರಿ ಪರೀಕ್ಷೆ. ಅಧಿಕೃತ ಸ್ಥಾನ ಕಳೆದುಕೊಂಡಿದ್ದ ಐರ್ಲೆಂಡಿನ ಆಂಗ್ಲಿಕನ್ ಚರ್ಚಿನ ನಿಧಿಯಿಂದ 10 ಲಕ್ಷ ಪೌಂಡ್ ತೆಗೆದಿರಿಸಿ, ಅದರ ಆದಾಯವನ್ನು ಫಲಿತಾಂಶಕ್ಕೆ ತಕ್ಕಂತೆ ಶಾಲೆಗಳಿಗೂ ಬಹುಮಾನವಾಗಿ ಮಕ್ಕಳಿಗೂ ಹಂಚಲಾಯಿತು. ಯಾವ ಶಾಲೆಯ ಹುಡುಗ ಎಷ್ಟು ಗಳಿಸಿದ ಎಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಪಿಯರ್ಸ್ ಈ ವ್ಯವಸ್ಥೆಯನ್ನು ಕೊಲೆಯಂತ್ರವೆಂದು ಜರೆದು 1916ರಲ್ಲಿ ಪುಸ್ತಿಕೆಯನ್ನೇ ಪ್ರಕಟಿಸಿದ. ಅವನ ಸಿಟ್ಟು ನ್ಯಾಯವಾದದ್ದು. ಆದರೂ ಈ ಯಂತ್ರದಿಂದಲೇ ಒಂದು ಮಹಾಕೃತಿಯ ಬೀಜ ಬಿತ್ತೆಂಬುದನ್ನು ಮರೆಯಲಾಗದು. ಇಂಟರ್‌ಮೀಡಿಯೆಟ್‌ಗೆ ಇಂಗ್ಲಿಷ್ ಪಠ್ಯವಾಗಿದ್ದ ಚಾರ್ಲ್ಸ್ ಲ್ಯಾಂಬ್‌ನ 'ಅಡ್ವೆಂಚರ್ಸ್ ಆಫ್ ಯುಲಿಸಿಸ್' ಅನ್ನು ಜಾಯ್ಸ್ ಬೆಲ್ವೆಡೇರ್‌ನಲ್ಲಿ ಓದಿದ. ನೆಚ್ಚಿನ ವೀರನ ಬಗ್ಗೆ ಪ್ರಬಂಧ ಬರೆಯಬೇಕಾದಾಗ ಯುಲಿಸಿಸ್‌ನನ್ನೇ ಆರಿಸಿಕೊಂಡ. 1922ರಲ್ಲಿ ಅವನ ಕಾದಂಬರಿ 'ಯುಲಿಸಿಸ್' ಹೊರಬಂದಾಗ ಜನ ಆ ವೀರನ ಕಥೆ ಹೇಳಿದ ಹೋಮರನನ್ನು ನೆನೆದರು. ಪರೀಕ್ಷಾ ಮಂಡಳಿಯ ಪಠ್ಯಪಟ್ಟಿಯನ್ನೂ ನೆನೆಯಬೇಕಿತ್ತು. ಶಾಲೆಯಲ್ಲಿ ಆಯ್ದುಕೊಂಡ ಇಟಾಲಿಯನ್ ಕೂಡ ಮುಂದೆ ಟ್ರಿಯೆಸ್ಟ್‌ನಲ್ಲಿ ಅವನ ಸಂಸಾರದ ಮನೆಮಾತಾಯಿತು.

ಪರೀಕ್ಷೆಯ ಹಣ ಮನೆಗೂ ಬಂತು. 1897ರಲ್ಲಿ ಜಾಯ್ಸ್‌ಗೆ 30 ಪೌಂಡಿನ ಬಹುಮಾನವೂ ಅತ್ಯುತ್ತಮ ಇಂಗ್ಲಿಷ್ ಪ್ರಬಂಧಕ್ಕೆ 3 ಪೌಂಡೂ ದೊರೆತವು. ಕಾದಂಬರಿಯಲ್ಲಿ ಸ್ಟೀಫನ್ ಗೆಲ್ಲುವುದೂ 33 ಪೌಂಡೇ. ಅವನು ಮನೆಯವರನ್ನು ಹೋಟೆಲಿಗೆ ಕರೆದೊಯ್ಯುತ್ತಾನೆ, ನಾಟಕ ತೋರಿಸುತ್ತಾನೆ, ತನ್ನ ಕೋಣೆಗೆ ಗುಲಾಬಿ ಬಣ್ಣ ಬಳಿಯತೊಡಗುತ್ತಾನೆ. ಗೋಡೆ ಮುಗಿಯುವ ಮೊದಲೇ ಡಬ್ಬಿ ಬರಿದಾಗುತ್ತದೆ. ಬಡತನಕ್ಕೆ ಜಾರುತ್ತಿದ್ದ ಮನೆಯಲ್ಲಿ ಶಾಲಾ ಬಹುಮಾನ ಯಾವ ಸ್ಥಾನ ಪಡೆದಿತ್ತೆಂದು ಈ ಅರೆಬಣ್ಣದ ಕೋಣೆ ತೋರಿಸುವಷ್ಟು ಸ್ಪಷ್ಟವಾಗಿ ಯಾವ ಕಡತವೂ ತೋರಿಸಲಾರದು.

ಧಾರ್ಮಿಕ ಶಿಸ್ತಿನ ಫಲವೂ ಹೀಗೆಯೇ ತಿರುಗುಮುರುಗು. 1896ರಲ್ಲಿ ಜಾಯ್ಸ್ ಮಾತೆ ಮರಿಯಳ ಭಕ್ತಸಂಘದ ಮುಖ್ಯಸ್ಥನಾದ. ಅದೇ ಕಾಲದ ಧ್ಯಾನಕೂಟದ ಅನುಭವದಿಂದ ಕಾದಂಬರಿಯ ನರಕದ ಪ್ರವಚನ ಹುಟ್ಟಿತು. ಅದರ ಅನೇಕ ವಿವರಗಳು ಇಟಲಿಯ ಜೆಸ್ವಿಟ್ ಪಿನಮೊಂಟಿಯ ಹದಿನೇಳನೆಯ ಶತಮಾನದ ಕೃತಿಯಿಂದ ಬಂದವೆಂದು ವಿದ್ವಾಂಸರು ತೋರಿಸಿದ್ದಾರೆ. ಶಾಲೆಯ ನಾಟಕವೊಂದರಲ್ಲಿ ಮುಖ್ಯೋಪಾಧ್ಯಾಯನ ಪಾತ್ರ ಸಿಕ್ಕಾಗ ಜಾಯ್ಸ್ ಎದುರಿಗೇ ಕುಳಿತಿದ್ದ ರೆಕ್ಟರ್ ಫಾದರ್ ಹೆನ್ರಿಯವರ ಮಾತು, ಹಾವಭಾವಗಳನ್ನೇ ಅನುಕರಿಸಿದನೆಂದು ಶೀಹಿ ನೆನಪಿಸಿಕೊಂಡಿದ್ದಾನೆ. ಚರ್ಚನ್ನು ತೊರೆದ ಮೇಲೂ ತನ್ನನ್ನು ಕ್ಯಾಥೊಲಿಕ್ ಎನ್ನದೆ ಜೆಸ್ವಿಟ್ ಎನ್ನಿ ಎಂದು ಗೆಳೆಯನಿಗೆ ಹೇಳಿದ್ದು ಇದೇ ಜಾಯ್ಸ್. ಅವನು ಬಿಟ್ಟದ್ದು ನಂಬಿಕೆಯನ್ನು. ವಿಷಯವನ್ನು ಒಡೆದು ಜೋಡಿಸಿ ತೂಗಿ ನೋಡುವ ಪಾಠವನ್ನು ಉಳಿಸಿಕೊಂಡ.

ಕೆವಿನ್ ಬ್ಯಾರಿ 1916ರಲ್ಲಿ ಶಾಲೆಗೆ ಸೇರುವ ಹೊತ್ತಿಗೆ ಕಾಲವೇ ಬದಲಾಗಿತ್ತು. ಅವನು ರಗ್ಬಿ ಆಡಿದ. ಐರಿಷ್ ರಾಷ್ಟ್ರೀಯವಾದಿಗಳ ಮೆಚ್ಚಿನ ಹರ್ಲಿಂಗ್ ಆಟಕ್ಕೆ ಶಾಲೆಯಲ್ಲಿ ತಂಡ ಕಟ್ಟಿದವರಲ್ಲೂ ಒಬ್ಬನಾದ. ಶಾಲೆಯಲ್ಲಿರುವಾಗಲೇ 1917ರಲ್ಲಿ ಐರಿಷ್ ವಾಲಂಟಿಯರ್ಸ್ ಎಂಬ ಬಂಡಾಯಗಾರರ ಪಡೆಯನ್ನು ಸೇರಿದ. ವೈದ್ಯಕೀಯ ಓದುತ್ತಿದ್ದಾಗ, 1920ರ ಸೆಪ್ಟೆಂಬರ್ 20ರಂದು ಚರ್ಚ್ ಬೀದಿಯ ಬೇಕರಿಯೊಂದರ ಬಳಿ ಬ್ರಿಟಿಷ್ ಸೈನಿಕರ ಮೇಲೆ ನಡೆದ ದಾಳಿಯಲ್ಲಿ ಸೆರೆಸಿಕ್ಕ. ಆ ದಾಳಿಯಲ್ಲಿ ಮೂವರು ಸೈನಿಕರು ಸತ್ತರು. ನವೆಂಬರ್ 1ರಂದು ಮೌಂಟ್‌ಜಾಯ್ ಸೆರೆಮನೆಯಲ್ಲಿ ಅವನನ್ನು ನೇಣಿಗೇರಿಸಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಮವಸ್ತ್ರದಲ್ಲಿ ಮಡಿದ ಹಳೆಯ ವಿದ್ಯಾರ್ಥಿಗಳೂ ಬೆಲ್ವೆಡೇರ್‌ಗೆ ಇದ್ದರು. ಬ್ಯಾರಿಯ ಹೆಸರನ್ನು ಹೇಳುವವರು ಅವರ ಹೆಸರನ್ನೂ ಹೇಳದಿದ್ದರೆ ಶಾಲೆಯ ಚರಿತ್ರೆ ಅರ್ಧವೇ ಆದೀತು.

ಮಂಗಳೂರಿನಲ್ಲಿ ಇಟಲಿಯ ಜೆಸ್ವಿಟರು 1880ರಲ್ಲಿ ತೆರೆದ ಸಂತ ಅಲೋಶಿಯಸ್ ಸೇರಿದಂತೆ ನಮ್ಮಲ್ಲೂ ಶತಮಾನ ದಾಟಿದ ಶಾಲೆಗಳಿವೆ. ಇಂಥ ಶಾಲೆಗಳ ಸ್ಮರಣ ಸಂಚಿಕೆ ರೂಪಿಸುವವರಲ್ಲಿ ಒಂದು ವಿನಂತಿ. ಗಣ್ಯರ ಭಾವಚಿತ್ರಗಳ ಜೊತೆಗೆ ಹಳೆಯ ಪ್ರವೇಶ ದಾಖಲೆ, ಶುಲ್ಕ ವಿನಾಯಿತಿಯ ಕಡತ, ಪಠ್ಯಪುಸ್ತಕಗಳ ಪಟ್ಟಿ, ಪ್ರಶ್ನೆಪತ್ರಿಕೆ, ಓದು ಅರ್ಧಕ್ಕೆ ಬಿಟ್ಟವರ ಹೆಸರು, ಇವನ್ನೂ ಗೆದ್ದಲು ಹಿಡಿಯುವ ಮುನ್ನ ಹೊರತೆಗೆದು ಅಚ್ಚುಮಾಡಿ. ಸಂಶೋಧಕನಿಗೆ ಬೇಕಾದ ಸಾಮಗ್ರಿ ಇರುವುದು ಅಲ್ಲಿ.